ನಾಲ್ಕು ತಾಲೂಕಿನ ಲ್ಯಾಬು

ಈಗ ನಾನಿರುವುದು ಇಂಡಿಯಲ್ಲಿ. ನಮ್ಮ ಓಣಿಯ ತುದಿಗೆ ಒಂದು ಹಿಟ್ಟಿನ ಗಿರಣಿ ಇದೆ. ಮೊನ್ನೆ ಜೋಳ ಬೀಸಿಸಿಕೊಂಡು, ಬಿಸಿ ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು ಬರುತ್ತಿದ್ದಾಗ ಮುಚ್ಚಳದ ಸಂದಿಯಿಂದ ಹೊಸ ಹಿಟ್ಟಿನ ವಾಸನೆ ಮೂಗಿಗೆ ಅಡರಿತು. ಬೇರೆಯವರಿಗೆ ಆ ವಾಸನೆಗೆ ರೊಟ್ಟಿ ನೆನಪಾಗುತ್ತದೆ, ಹಸಿವಾಗುತ್ತದೆ. ನನಗೆ ಕಸ್ತೂರಿ ನೆನಪಾಗುತ್ತಾಳೆ. ಅವಳ ಹಿಂದೆಯೇ ಬಸವನ ಬಾಗೇವಾಡಿಯ ಆ ಒಂದು ವರ್ಷ ಬಂದು ನಿಲ್ಲುತ್ತದೆ, ನನಗೆ ಸಿಟ್ಟು ಬರುತ್ತದೆ.

ಆ ವರ್ಷ ನಾನು ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದೆ. ನಮ್ಮ ಕೇಂದ್ರ ಬಾಗೇವಾಡಿಯ ಹೊರಗಿತ್ತು. ಎರಡೂ ಕಡೆ ಎರೆ ಹೊಲ, ನಡುವೆ ಒಂದು ಹಳದಿ ಕಟ್ಟಡ. ಮಳೆಗಾಲದಲ್ಲಿ ಬಸ್ಸಿಳಿದು ಗೇಟಿನವರೆಗೆ ನಡೆಯುವಷ್ಟರಲ್ಲಿ ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ನಾವೆಲ್ಲ ಒಂದು ಗೇಣು ಎತ್ತರವಾಗಿರುತ್ತಿದ್ದೆವು. ದೊಡ್ಡ ಊರಿನಲ್ಲಿ ಸೀಟು ಸಿಗದವರು, ಸಿಕ್ಕರೂ ಮನೆಯವರು ಅಷ್ಟು ದೂರ ಕಳಿಸದವರು ನಮ್ಮಲ್ಲಿಗೆ ಬರುತ್ತಿದ್ದರು. ಇಂಡಿ, ಸಿಂದಗಿಯವರು ಬಾಗೇವಾಡಿಯಲ್ಲಿ ಖೋಲಿ ಹಿಡಿದು ಇರುತ್ತಿದ್ದರು, ಮುದ್ದೇಬಿಹಾಳದವರು ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದರು.

ಕೆಳಗಿನ ಮಹಡಿಯಲ್ಲಿ ಪದವಿಯ ಮಕ್ಕಳು. ಹಿಂದಿನ ವರ್ಷ ಅವರಲ್ಲಿ ಬಹಳಷ್ಟು ಜನ ಪ್ರೋಗ್ರಾಮಿಂಗ್ ಪೇಪರಿನಲ್ಲಿ ಮಕಾಡೆ ಮಲಗಿದ್ದರು. ಇಷ್ಟು ಕೆಟ್ಟ ಫಲಿತಾಂಶ ಇಟ್ಟುಕೊಂಡು ಈ ಪದವಿ ಕೋರ್ಸು ಇಲ್ಲಿ ಯಾಕೆ ಬೇಕು, ಮುಖ್ಯ ಕ್ಯಾಂಪಸ್ಸಿಗೆ ಒಯ್ದುಬಿಡೋಣ ಎಂದು ವಿಶ್ವವಿದ್ಯಾಲಯದವರು ಹೇಳಿದ್ದರಂತೆ. ನಮ್ಮ ವಿಭಾಗದ ದೇಸಾಯಿ ಸರ್ ಕೈಕಾಲು ಹಿಡಿದು ಒಂದು ವರ್ಷದ ಅವಕಾಶ ತಂದರು. ಮುಖ್ಯ ಕ್ಯಾಂಪಸ್ಸು ಹೋಗಿ ಬರುವಷ್ಟು ಹತ್ತಿರದ್ದಲ್ಲ. ಕೋರ್ಸು ಅಲ್ಲಿಗೆ ಹೋದರೆ ಅದರ ಹಿಂದೆ ಹೋಗುವವರು ಯಾರು, ಮನೆಯಲ್ಲಿ ಉಳಿಯುವವರು ಯಾರು ಎಂಬುದು ನಮಗೆಲ್ಲ ಗೊತ್ತಿತ್ತು.

ಸರ್ ಹುಡುಕಿದ ಮದ್ದು ನಾವು ನಾಲ್ವರು. ಕೊನೆಯ ವರ್ಷದವರನ್ನು ಮೊದಲ ವರ್ಷದವರ ಲ್ಯಾಬಿಗೆ ಟೀಚಿಂಗ್ ಅಸಿಸ್ಟೆಂಟ್ ಮಾಡುವುದು. ಅವರು ಪಿಎಚ್.ಡಿ. ಮಾಡಿದ ದೊಡ್ಡ ಸಂಸ್ಥೆಯಲ್ಲಿ ಹಾಗೆ ಮಾಡುತ್ತಿದ್ದರಂತೆ. ಅಲ್ಲಿ ಮೊದಲ ತರಗತಿಯಲ್ಲಿ ಅಸಿಸ್ಟೆಂಟುಗಳನ್ನು ಒಬ್ಬೊಬ್ಬರಾಗಿ ಪರದೆಯ ಮೇಲೆ ಪರಿಚಯಿಸುತ್ತಾರಂತೆ: ಫೋಟೋ, ಹೆಸರು, ಊರು, ಸಿಗುವ ವೇಳೆ, ಒಂದು ಹವ್ಯಾಸ. ನಮ್ಮಲ್ಲೂ ಹಾಗೇ ಆಗಬೇಕೆಂದು ಸರ್ ಹಟ ಹಿಡಿದರು. ಹಿಂದಿನ ಸಂಜೆ ನಮ್ಮನ್ನು ಕೂರಿಸಿಕೊಂಡು ಹವ್ಯಾಸ ಕೇಳಿದರು.

"ನನಗ ಹವ್ಯಾಸ ಅಂತ ಏನೂ ಇಲ್ಲರಿ ಸರ್. ಊರಿಗೆ ಹೋದ್ರ ನಿಂಬಿ ತ್ವಾಟಕ್ಕ ನೀರ ಬಿಡ್ತೇನಿ," ಎಂದ ಈರಣ್ಣ. ಅವನು ಇಂಡಿ ತಾಲೂಕಿನ ಸಾಲೋಟಗಿಯವನು. ಸರ್ "ತೋಟಗಾರಿಕೆ" ಎಂದು ಟೈಪು ಮಾಡಿದರು. ನಾನು "ಮಾತಾಡೋದ್ರಿ" ಎಂದೆ. ನನ್ನ ಹೆಸರಿನ ಕೆಳಗೆ "ಚರ್ಚೆ" ಎಂದು ಬಂತು. ಸಿಂದಗಿಯ ಸುಧಾ, ಬಾಗೇವಾಡಿಯವನೇ ಆದ ಪ್ರಶಾಂತ ಇಬ್ಬರೂ ಜಾಣರು, "ಓದುವುದು" ಎಂದು ಹೇಳಿ ಪಾರಾದರು.

ಮರುದಿನ ಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಪರದೆ ತೋರಿಸಿದರು. ನಾಲ್ವರೂ ಮದುವೆಗೆ ಹೆಣ್ಣು ತೋರಿಸುವಾಗಿನ ಮುಖ ಮಾಡಿಕೊಂಡು ನಿಂತಿದ್ದೆವು. ಫೋಟೋ, ಹವ್ಯಾಸ, ವೇಳೆ ಯಾವುದೂ ಆ ಮಕ್ಕಳ ಕಿವಿಗೆ ಬೀಳಲಿಲ್ಲ. ಅವರು ಕೇಳಿಸಿಕೊಂಡದ್ದು ಊರು ಒಂದೇ. "ಈರಣ್ಣ, ಇಂಡಿ" ಎನ್ನುತ್ತಲೇ ಎಡಗಡೆಯ ಬೆಂಚಿನಲ್ಲಿ ಗುಸುಗುಸು. "ನೀಲಾ, ಮುದ್ದೇಬಿಹಾಳ" ಎಂದಾಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದೇ ನಿಂತು ನನ್ನನ್ನು ನೋಡಿದಳು. ಎಲ್ಲ ಮುಗಿದ ಮೇಲೆ ಒಬ್ಬ ಹುಡುಗ ಕೈ ಎತ್ತಿದ.

"ಸರ್, ನಾವು ಇಂಡಿ ಕಡೆಯವ್ರ ಈರಣ್ಣಾರ ಹಂತ್ಯಾಕ ಕುಂದ್ರಬೇಕೇನ್ರಿ?"

ಸರ್ ಅದನ್ನು ತಮಾಷೆ ಎಂದುಕೊಂಡು ನಕ್ಕರು. "ಕುಂದರ್ರಪಾ, ಯಾರ ಬ್ಯಾಡ ಅಂದಾರ?" ಎಂದರು. ಅವರು ರೋಲ್ ನಂಬರಿನ ಪ್ರಕಾರ ಗುಂಪು ಮಾಡಿ, ಆ ಪಟ್ಟಿಯನ್ನು ಆಗಲೇ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದರು. ಮುಂದಿನ ಲ್ಯಾಬಿಗೆ ಬಂದು ನೋಡಿದರೆ ಕಿಟಕಿಯ ಕಡೆ ಇಂಡಿ, ಬಾಗಿಲ ಕಡೆ ಸಿಂದಗಿ, ನಡುವೆ ಬಾಗೇವಾಡಿ, ಮೂಲೆಯಲ್ಲಿ ಮುದ್ದೇಬಿಹಾಳ. ಯಾರೂ ಯಾರಿಗೂ ಹೇಳಿರಲಿಲ್ಲ, ನೀರು ತಗ್ಗಿಗೆ ಹರಿದ ಹಾಗೆ ತಾವೇ ಹೋಗಿ ಕೂತಿದ್ದರು. ಈರಣ್ಣನಿಗೆ ಇನ್ನಷ್ಟು ಹುರುಪು ಬಂತು. ರಟ್ಟಿನ ಮೇಲೆ ಕೆಂಪು ಮಸಿಯಲ್ಲಿ ಊರ ಹೆಸರು ಬರೆದು, ಬಸ್ಸಿನ ಬೋರ್ಡಿನ ಹಾಗೆ ಪ್ರತಿ ಸಾಲಿನ ಮೊದಲ ಕಂಪ್ಯೂಟರಿನ ಮೇಲೆ ನಿಲ್ಲಿಸಿದ. ಸರ್ ಬಂದು ನೋಡಿ ಪಟ್ಟಿಯ ಪ್ರಕಾರ ಕೂರಿಸಬೇಕೆಂದುಕೊಂಡರು. ಆದರೆ ಹಿಂದಿನ ವರ್ಷ ಬಾಯಿ ಬಿಡದೆ ಕೂರುತ್ತಿದ್ದ ಲ್ಯಾಬು ಈಗ ಸಂತೆಯ ಹಾಗೆ ಗಲಗಲ ಎನ್ನುತ್ತಿತ್ತು. "ಇರ್ಲಿ ಬಿಡ್ರಿ, ಕಲೀತಾರಲ್ಲ," ಎಂದು ಸುಮ್ಮನಾದರು.

ನನ್ನ ಸಾಲು ಎಲ್ಲಕ್ಕಿಂತ ಚಿಕ್ಕದು. ಅದರಲ್ಲಿ, ಅವತ್ತು ಎದ್ದು ನಿಂತು ನೋಡಿದ ಹುಡುಗಿಯೇ ಕಸ್ತೂರಿ. ಮುದ್ದೇಬಿಹಾಳದಲ್ಲಿ ಅವಳ ತಂದೆ ಸಂಗಪ್ಪನವರದು ಹಿಟ್ಟಿನ ಗಿರಣಿ. ಅವರಿಗೆ ಮಗಳನ್ನು ಬಾಗೇವಾಡಿಗೆ ಕಳಿಸುವುದೇ ಅರೆಮನಸ್ಸು, ಒಂದಿಷ್ಟು ದಿನ ನೋಡೋಣ ಎಂದು ಕಳಿಸಿದ್ದರು. ಪರಿಚಯ ಆದ ಎರಡೇ ದಿನಕ್ಕೆ ಅವರೇ ಬಸ್ಸು ಹತ್ತಿ ಬಂದರು. ಲ್ಯಾಬಿನ ಬಾಗಿಲಲ್ಲಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಿಂತವರ ಕಿವಿಯ ಮೇಲಿನ ಕೂದಲಿಗೆ ಹಿಟ್ಟು ಅಂಟಿತ್ತು.

"ನೀಲಕ್ಕ ಅಂದ್ರ ನೀವೇನ್ರಿ? ಮುದ್ದೇಬಿಹಾಳದಾಗ ಯಾರ ಪೈಕಿ?"

ನಾನು ಅಪ್ಪನ ಹೆಸರು ಹೇಳಿದೆ, ಗೊತ್ತಾಗಲಿಲ್ಲ. ಅಜ್ಜನ ಹೆಸರು ಹೇಳಿದೆ, ತಲೆ ಕೆರೆದುಕೊಂಡರು. ಅಜ್ಜಿಯ ಹೆಸರು ಹೇಳಿದ್ದೇ ತಡ, ಮುಖ ಅರಳಿತು.

"ಅಯ್ಯ, ನಮ್ಮ ಗಿರಣಿಗೇ ಬರ್ತಿದ್ಳಲ್ಲರಿ ಮುದುಕಿ! ಹಿಟ್ಟ ಬಿರಸ ಆಗೇತಿ ಅಂತ ದಿನಾ ಜಗಳ. ಹಂಗಾರ ನನಗ ಚಿಂತಿಲ್ಲ ಬಿಡ್ರಿ. ಹುಡುಗಿನ್ನ ನಿಮ್ಮ ಉಡ್ಯಾಗ ಹಾಕೇನಿ."

ಹಾಗೆ ಹೇಳಿ ಹೊರಟೇಹೋದರು. ನನ್ನ ವಯಸ್ಸು ಅವರ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚು, ಅಷ್ಟೇ. ನನ್ನ ಪ್ರೋಗ್ರಾಮೇ ಒಂದೊಂದು ದಿನ ಓಡುತ್ತಿರಲಿಲ್ಲ. ಆದರೂ ಯಾರೋ ತಮ್ಮ ಮಗಳನ್ನು ಹೀಗೆ ಉಡಿಗೆ ಹಾಕಿ ಹೋದರೆ ಎದೆ ಉಬ್ಬುವುದು ಸುಳ್ಳಲ್ಲ. ಅವತ್ತು ನನಗೆ ನಿಜವಾಗಿ ಖುಷಿಯಾಗಿತ್ತು.

ಕಸ್ತೂರಿ ಮೊದಮೊದಲು ಬಾಯಿ ಬಿಡುತ್ತಿರಲಿಲ್ಲ. ಕೀಲಿಮಣೆಯ ಮೇಲೆ ಒಂದೇ ಬೆರಳು ಇಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಳು. ನಾನು ಒಂದು ದಿನ ಫಂಕ್ಷನ್ ಎಂದರೇನು ಎಂದು ಹೇಳುತ್ತ, ಬೇರೇನೂ ತೋಚದೆ, "ನಿಮ್ಮ ಗಿರಣಿ ಇದ್ದಂಗ ಅನ್ಕೋ. ಜ್ವಾಳ ಹಾಕಿದ್ರ ಹಿಟ್ಟ ಬರ್ತೈತಿ. ಒಳಗ ಏನ್ ನಡೀತೈತಿ ಅಂತ ಹಾಕಿದವ್ರು ಕೇಳೂದಿಲ್ಲ," ಎಂದೆ. ಅವಳ ಕಣ್ಣು ಸಣ್ಣಗಾದವು.

"ಅಕ್ಕಾರ, ಅದು ಹಂಗ ಇರೂದಿಲ್ಲರಿ. ಮೊದಲ ಯಾರರ ಗೋದಿ ಬೀಸಿಸಿ ಹೋಗಿದ್ರ, ನೀವು ಜ್ವಾಳ ಹಾಕಿದ್ರೂ ಮೊದಲಿಗೆ ಒಂದ್ ಬೊಗಸಿ ಅವ್ರ ಗೋದಿ ಹಿಟ್ಟ ಬರ್ತೈತಿ. ಅದಕ್ಕ ಅಪ್ಪ ಮೊದಲ ಗಿರಣಿ ಝಾಡಿಸಿ ಹಳೇ ಹಿಟ್ಟ ತಗೀತಾನ."

ನಾನು ನಕ್ಕೆ, ನಗುತ್ತಲೇ ನಿಂತುಬಿಟ್ಟೆ. ವೇರಿಯೇಬಲ್ಲಿಗೆ ಮೊದಲೇ ಒಂದು ಬೆಲೆ ಕೊಡದಿದ್ದರೆ ಒಳಗೆ ಹಿಂದಿನವರ ಕಸ ಉಳಿದಿರುತ್ತದೆ ಎಂಬುದನ್ನು ನಾನು ಮೂರು ಲ್ಯಾಬಿನಿಂದ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೆ, ಯಾರ ತಲೆಗೂ ಹೋಗಿರಲಿಲ್ಲ. ಅವತ್ತಿನಿಂದ ನಮ್ಮ ಸಾಲಿನಲ್ಲಿ ಯಾರ ಪ್ರೋಗ್ರಾಮು ವಿಚಿತ್ರ ಉತ್ತರ ಕೊಟ್ಟರೂ, "ಗಿರಣಿ ಝಾಡಿಸೀಯೇನು?" ಎಂದು ಕೇಳುವುದು ರೂಢಿಯಾಯಿತು. ಮಾತು ನಮ್ಮ ಮೂಲೆ ದಾಟಿ ಸಿಂದಗಿ ಸಾಲಿಗೂ ಹೋಯಿತು. ಅತ್ತ ಈರಣ್ಣ ತನ್ನವರಿಗೆ ನಿಂಬೆಹಣ್ಣನ್ನು ಗಾತ್ರದ ಪ್ರಕಾರ ಬೇರೆ ಮಾಡಿಸುತ್ತ ಸಾರ್ಟಿಂಗ್ ಕಲಿಸುತ್ತಿದ್ದ. ಪಾಠ ಮುಗಿದ ಮೇಲೆ ಹಣ್ಣು ಶರಬತ್ತಾಗುತ್ತಿತ್ತು. ಕಸ್ತೂರಿ ನನ್ನನ್ನು "ಅಕ್ಕಾರ" ಎನ್ನುವುದು ಬಿಟ್ಟು "ಅಕ್ಕಾ" ಎನ್ನತೊಡಗಿದಳು. ಬಸ್ಸಿನಲ್ಲಿ ಜಾಗ ಹಿಡಿದು ಕೂತು, ಮುದ್ದೇಬಿಹಾಳದವರೆಗೆ ನನ್ನ ತಲೆ ತಿನ್ನುತ್ತ ಬರುತ್ತಿದ್ದಳು.

"ಅಕ್ಕಾ, ನಾನೂ ಮುಂದ ನಿನ್ನಂಗ ಅಲ್ಲಿ ನಿಂದ್ರತೇನಿ ನೋಡು. ಪರದೆ ಮ್ಯಾಲ ನನ್ನ ಫೋಟೋ, ಕೆಳಗ ಮುದ್ದೇಬಿಹಾಳ ಅಂತ."

"ಹವ್ಯಾಸ ಏನಂತ ಹಾಕ್ಸ್ತಿ?"

"ಗಿರಣಿ ಝಾಡ್ಸೋದು," ಎಂದು ಅವಳು ನಕ್ಕಾಗ ಮುಂದಿನ ಸೀಟಿನವರೂ ತಿರುಗಿ ನೋಡಿದ್ದರು.

ಮಳೆ ನಿಂತು, ತೊಗರಿ ಹೂ ಬಿಟ್ಟು, ಚಳಿ ಬಿತ್ತು. ಎಳ್ಳಮಾವಾಸ್ಯೆಯ ಮರುದಿನ ಮಕ್ಕಳು ಹೊಲದಲ್ಲಿ ಉಂಡು ಉಳಿದ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಲೆ ಕಟ್ಟಿಕೊಂಡು ಬಂದರು. ತಿಂದದ್ದು ಲ್ಯಾಬಿನಲ್ಲೇ. ನಾಲ್ಕೂ ತಾಲೂಕಿನ ಡಬ್ಬಿಗಳು ಒಂದೇ ಬೆಂಚಿನ ಮೇಲೆ. ಸಿಂದಗಿಯ ಹೋಳಿಗೆ ಮೇಲೋ, ಇಂಡಿಯ ಹೋಳಿಗೆ ಮೇಲೋ ಎಂದು ಶುರುವಾದ ಜಗಳಕ್ಕೆ ದೇಸಾಯಿ ಸರ್ ಪಂಚರಾಗಿ, ಎರಡನ್ನೂ ತಿಂದು, ತೀರ್ಪು ಕೊಡದೆ ಎದ್ದು ಹೋದರು. ಆ ವಾರ ನಡೆದ ಕಿರುಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಮಕ್ಕಳು ಪಾಸಾಗಿದ್ದರು. ಸರ್ ಕಾರಿಡಾರಿನಲ್ಲಿ ಸಿಳ್ಳೆ ಹಾಕುತ್ತ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಮಿತಿ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ವಿಶ್ವವಿದ್ಯಾಲಯದಿಂದ ಮೂವರು, ದಕ್ಷಿಣದ ಕಡೆಯ ಮಾತಿನ ಒಬ್ಬ ಹಿರಿಯರು ಅಧ್ಯಕ್ಷರು. ಕೋರ್ಸು ಉಳಿಯಬೇಕೋ ಹೋಗಬೇಕೋ ಎಂದು ಬರೆಯಬೇಕಾದವರು ಅವರೇ. ನಾವು ನೆಲ ಒರೆಸಿದ್ದೆವು, ಕಂಪ್ಯೂಟರುಗಳ ಧೂಳು ಹೊಡೆದಿದ್ದೆವು, ಮಕ್ಕಳಿಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಬರಲು ಹೇಳಿದ್ದೆವು. ಬೋರ್ಡುಗಳನ್ನು ತೆಗೆಯಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಈರಣ್ಣ ಅವುಗಳ ಮೇಲಿನ ಮಸಿ ಮಾಸಿದೆ ಎಂದು ಹಿಂದಿನ ದಿನ ಮತ್ತೊಮ್ಮೆ ತಿದ್ದಿ ಬರೆದಿದ್ದ.

ಅಧ್ಯಕ್ಷರು ಒಳಗೆ ಬಂದವರೇ ಬಾಗಿಲಲ್ಲಿ ನಿಂತರು. ಒಂದೊಂದೇ ಬೋರ್ಡು ಓದಿದರು. "ಇದೇನು, ಲ್ಯಾಬೋ ಬಸ್ ಸ್ಟ್ಯಾಂಡೋ?" ಎಂದರು. ಮಕ್ಕಳು ನಕ್ಕರು. ಅವರು ನಗಲಿಲ್ಲ.

"ಪಟ್ಟಿಯಲ್ಲಿ ರೋಲ್ ನಂಬರ್ ಪ್ರಕಾರ ಗುಂಪು ಇದೆಯಲ್ಲ, ಇಲ್ಲಿ ಯಾಕೆ ಹೀಗೆ ಕೂತಿದ್ದಾರೆ?"

ಸರ್ ಬಾಯಿ ತೆರೆಯುವ ಮೊದಲೇ ಇಂಡಿ ಸಾಲಿನ ಹುಡುಗ ಉತ್ಸಾಹದಿಂದ ಎದ್ದು, "ಇವ್ರು ನಮ್ಮ ಈರಣ್ಣಾರ್ರಿ, ಇಂಡಿಯವ್ರು. ಸಿಂದಗಿಯವ್ರಿಗೆ ಸಿಂದಗಿಯವ್ರ ಹೇಳಿಕೊಡ್ತಾರ್ರಿ," ಎಂದ. ಅಧ್ಯಕ್ಷರು ತಮ್ಮ ಪಕ್ಕದವರ ಕಡೆ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಓದುವ ಜಾಗದಲ್ಲೂ ಪಂಗಡ ಮಾಡಿಕೊಂಡಿದ್ದಾರೆ, ಇದಕ್ಕೆ ಪ್ರಾಧ್ಯಾಪಕರ ಬೆಂಬಲವೂ ಇದೆ ಎಂದು ಅವರು ಆಗಲೇ ತೀರ್ಮಾನಿಸಿಯಾಗಿತ್ತು.

ಸುಧಾ ಇಂಗ್ಲಿಷಿನಲ್ಲಿ ಹೇಳಿ ನೋಡಿದಳು. ಸರ್ ಕಿರುಪರೀಕ್ಷೆಯ ಅಂಕ ತೋರಿಸಿದರು. ನನಗೆ ತಡೆಯಲಾಗಲಿಲ್ಲ.

"ಸರ್, ನಮ್ಮ ಕಡೆ ಮೊದಲ ಊರ ಕೇಳ್ತಾರ್ರಿ. ಊರು ತಿಳಿದ್ರ ಬಾಯಿ ಬಿಡ್ತಾರ, ಬಾಯಿ ಬಿಟ್ರ ತಿಳೀಲಿಲ್ಲ ಅಂತ ಹೇಳ್ತಾರ. ಇದರಾಗ ಜಗಳ ಏನೂ ಇಲ್ಲರಿ."

"ನೀವು ವಿದ್ಯಾರ್ಥಿನಿ ಅಲ್ವೇನಮ್ಮ? ಸ್ವಲ್ಪ ಸುಮ್ಮನಿರಿ," ಎಂದರು. ದನಿಯೇನೂ ಕೆಟ್ಟದಾಗಿರಲಿಲ್ಲ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಹವ್ಯಾಸ ಕೇಳಿದಾಗ ಮಾತಾಡುವುದು ಎಂದಿದ್ದವಳಿಗೆ ಅವತ್ತು ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ.

ಸಮಿತಿಯ ಇನ್ನೊಬ್ಬರು ಹೋಗುವ ಮೊದಲು ಒಂದು ಪ್ರಶ್ನೆ ಕೇಳಿದರು, ಬೆಲೆ ಕೊಡದ ವೇರಿಯೇಬಲ್ಲಿನ ಬಗ್ಗೆಯೇ. ಕಸ್ತೂರಿ ಎದ್ದು ಗಿರಣಿಯ ಕಥೆ ಹೇಳಿದಳು. ಅವರು "ಬಹಳ ಚೆನ್ನಾಗಿದೆ" ಎಂದು ತಲೆದೂಗಿದರು. ನಾನು ಮೂರ್ಖಳು, ಅವರು ಒಮ್ಮೆ ತಲೆದೂಗಿದ್ದಕ್ಕೇ ಇಡೀ ಬಸ್ಸಿನ ದಾರಿ ಆಸೆ ಹಿಡಿದುಕೊಂಡು ಬಂದೆ.

ಮರುದಿನವೇ ಬೋರ್ಡು ತೆಗೆದು, ರೋಲ್ ನಂಬರಿನ ಪ್ರಕಾರ ಕೂರಿಸಬೇಕೆಂದು ಆದೇಶ ಬಂತು. ಪರೀಕ್ಷೆಗೆ ಇನ್ನು ಕೆಲವೇ ವಾರ. ಮಕ್ಕಳು ಹೇಳಿದ ಜಾಗದಲ್ಲಿ ಕೂತರು, ಲ್ಯಾಬು ತಣ್ಣಗಾಯಿತು. ಕಸ್ತೂರಿ ಪ್ರಶಾಂತನ ಗುಂಪಿಗೆ ಹೋದಳು. ಪ್ರಶಾಂತ ಒಳ್ಳೆಯವನು, ಪಾಪ, ನನಗಿಂತ ಚೆನ್ನಾಗಿ ಕಲಿಸುತ್ತಿದ್ದ. ಆದರೆ ಅವಳು ಅವನೆದುರು ಮತ್ತೆ ಕೀಲಿಮಣೆಯ ಮೇಲೆ ಒಂದೇ ಬೆರಳಿಟ್ಟುಕೊಂಡು ಕೂತಳು. ನಾನು ಲ್ಯಾಬಿನ ಈ ತುದಿಯಿಂದ ನೋಡುತ್ತಿದ್ದೆ. ಹೋಗಿ ಹೇಳಿಕೊಡುವಂತಿರಲಿಲ್ಲ, ಅದು ನನ್ನ ಗುಂಪಲ್ಲ. ಈರಣ್ಣನಂತೂ ಆ ಬೋರ್ಡುಗಳನ್ನು ತಾನೇ ಹರಿದು ಹಾಕಿದ. "ನನ್ನಿಂದ ಆತು," ಎನ್ನುತ್ತಿದ್ದ. ನಿನ್ನಿಂದಲ್ಲ ಎಂದು ನಾವು ಹೇಳಿದ್ದು ಅವನಿಗೆ ಮುಟ್ಟಲಿಲ್ಲ.

ಆದರೂ ಮಕ್ಕಳು ಬರೆದರು, ಹೆಚ್ಚಿನವರು ಪಾಸಾದರು. ಕಸ್ತೂರಿಗೆ ಒಳ್ಳೆಯ ಅಂಕವೇ ಬಂತು. ಫಲಿತಾಂಶ ಬಂದ ದಿನ ನಾವೆಲ್ಲ ಗೆದ್ದೆವು ಎಂದುಕೊಂಡು ಚಹಾದಂಗಡಿಯ ಮುಂದೆ ಕುಣಿದಾಡಿದೆವು. ಅದರ ಮುಂದಿನ ವಾರ, ಬೇಸಿಗೆಯ ರಜೆ ಮುಗಿದ ಮೇಲೆ ಕೋರ್ಸು ಮುಖ್ಯ ಕ್ಯಾಂಪಸ್ಸಿನಲ್ಲಿ ನಡೆಯುವುದೆಂದೂ, ಈಗಿನ ಮಕ್ಕಳೂ ಅಲ್ಲಿಗೆ ಹೋಗಬೇಕೆಂದೂ ವಿಶ್ವವಿದ್ಯಾಲಯದವರು ತಿಳಿಸಿದರು. ಫಲಿತಾಂಶ ಸುಧಾರಿಸಿದೆ, ಆದರೆ ವಾತಾವರಣ ಸರಿಯಿಲ್ಲ, ಮಕ್ಕಳು ಎಲ್ಲರೊಡನೆ ಬೆರೆತು ಕಲಿಯಲಿ, ಅವರ ಒಳ್ಳೆಯದಕ್ಕೇ ಇದು ಎಂಬ ಧಾಟಿ. ದೇಸಾಯಿ ಸರ್ ಸ್ವತಃ ಹೋಗಿ ಬಂದರು. ಏನಾಯಿತೆಂದು ಕೇಳಿದರೆ, "ಚಾ ಕುಡಿಸಿ ಕಳಿಸಿದ್ರು," ಎಂದಷ್ಟೇ ಹೇಳಿ ಕನ್ನಡಕ ಒರೆಸುತ್ತ ಕೂತರು. ಅಷ್ಟು ಓದಿದ ಮನುಷ್ಯ ಹಾಗೆ ಕೈಚೆಲ್ಲಿ ಕೂತದ್ದನ್ನು ನೋಡಿ ನನಗೆ ಅಳು ಬಂತು.

ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ ಒಬ್ಬೊಬ್ಬರೇ ಬಂದು ಕಾಗದಪತ್ರ ತೆಗೆದುಕೊಂಡು ಹೋಗತೊಡಗಿದರು. ಹುಡುಗರು ಹೆಚ್ಚಾಗಿ ಮುಖ್ಯ ಕ್ಯಾಂಪಸ್ಸಿಗೆ ಹೊರಟರು, ಕೆಲವು ಹುಡುಗಿಯರೂ ಹೊರಟರು. ನನ್ನ ಕೊನೆಯ ಪರೀಕ್ಷೆ ಮುಗಿದ ದಿನ ಸಂಗಪ್ಪನವರು ಮಗಳ ಜೊತೆ ಬಂದರು. ಆಫೀಸಿಗೆ ಹೋಗುವ ಮೊದಲು ನನ್ನನ್ನು ಹುಡುಕಿಕೊಂಡು ಬಂದು, ಹೊರಗಿನ ಕಟ್ಟೆಯ ಮೇಲೆ ಕೂತರು. ಕಸ್ತೂರಿ ನಿಂತೇ ಇದ್ದಳು.

"ಹುಡುಗಿ ಭಾಳ ಹಟ ಮಾಡಾಕತ್ತೈತ್ರಿ, ಹೋಗ್ತೇನಿ ಅಂತ," ಎಂದರು. "ನನಗೂ ಕಳಿಸಬಾರದು ಅಂತೇನಿಲ್ಲ. ಅಲ್ಲಿ ಹಾಸ್ಟೆಲ್ ಐತಿ, ಎಲ್ಲಾ ಐತಿ ಅಂತಾರ. ಒಂದ ಮಾತ ಕೇಳ್ತೇನಿ, ನೀವು ಇದ್ದದ್ದ ಹೇಳ್ರಿ. ಅಲ್ಲಿ ನೀವು ಇರ್ತೀರೇನು?"

"ಇಲ್ಲರಿ ಕಾಕಾ. ನನ್ನ ಓದು ಇಲ್ಲಿಗೆ ಮುಗೀತು."

"ಹೋಗ್ಲಿ, ನಿಮ್ಮಂಗ ಹೇಳಿಕೊಡಾಕ ನಮ್ಮ ಕಡೆಯವ್ರು, ಮುದ್ದೇಬಿಹಾಳದವ್ರು ಬ್ಯಾಡ, ಈ ಬಾಗೇವಾಡಿ, ಸಿಂದಗಿ, ಇಂಡಿ ಕಡೆಯವ್ರು ಯಾರರ ಒಬ್ರು ಅದಾರೇನ್ರಿ? ಒಂದ್ ಹೆಸರ ಹೇಳ್ರಿ ಸಾಕು. ನಾ ಹೋಗಿ ಭೆಟ್ಟಿ ಆಗಿ, ಹುಡುಗಿನ್ನ ಅವ್ರ ಉಡ್ಯಾಗ ಹಾಕಿ ಬರ್ತೇನಿ."

ನಾನು ಯೋಚಿಸಿದೆ. ಸರ್‌ಗೆ ಫೋನು ಹಚ್ಚಿ ಕೇಳಿದೆ, ಅವರು ಅಲ್ಲಿನವರನ್ನು ಕೇಳಿ ಮತ್ತೆ ಫೋನು ಮಾಡಿದರು. ಅಲ್ಲಿ ಹೇಳಿಕೊಡುವವರೆಲ್ಲ ಬೇರೆ ಜಿಲ್ಲೆಯವರು, ನಮ್ಮ ಕಡೆಯವರು ಒಬ್ಬರೂ ಇರಲಿಲ್ಲ. ಅಷ್ಟು ಹೊತ್ತೂ ಸಂಗಪ್ಪನವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರಿಗೆ ಒಂದು ಹೆಸರು ಸಿಗಲಿ ಎಂದು ನನ್ನಷ್ಟೇ ಆಸೆ ಇತ್ತು. ನಾನು ಫೋನು ಇಟ್ಟೆ.

"ಯಾರೂ ಇಲ್ಲರಿ ಕಾಕಾ."

ಅವರು ಟೊಪ್ಪಿಗೆಯನ್ನು ಮತ್ತೆ ತಲೆಗೆ ಇಟ್ಟುಕೊಂಡರು. "ಹಂಗಾರ ಬ್ಯಾಡ ಬಿಡ್ರಿ," ಎಂದು ಎದ್ದರು. "ತಪ್ಪ ತಿಳ್ಕೋಬ್ಯಾಡ್ರಿ ಮತ್ತ. ಗುರುತಿಲ್ಲದ ಊರಾಗ ಹ್ಯಾಂಗ ಬಿಟ್ಟ ಬರ್ಲಿ?" ಎಂದು ನನಗೇ ಸಮಾಧಾನ ಹೇಳಿ, ಸರ್ಟಿಫಿಕೇಟು ಬಿಡಿಸಿಕೊಳ್ಳಲು ಆಫೀಸಿನ ಕಡೆ ನಡೆದರು.

ಕಟ್ಟೆಯ ಹತ್ತಿರ ನಾವಿಬ್ಬರೇ ಉಳಿದೆವು. ಕಸ್ತೂರಿ ಅಳಲಿಲ್ಲ. ಅಪ್ಪ ಬಾಗಿಲು ದಾಟಿ ಒಳಗೆ ಹೋಗುವವರೆಗೂ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು.

"ಅದಾರ ಅಂತ ಒಂದ್ ಮಾತ ಅಂದಿದ್ರ ಆಗ್ತಿತ್ತಲ್ಲ, ಅಕ್ಕಾ," ಎಂದಳು. "ಹೋದ ಮ್ಯಾಲ ನಾ ಯಾರನ್ನರ ನಮ್ಮೂರವ್ರನ್ನ ಮಾಡ್ಕೋತಿದ್ನಿ."